ತಲೆಗೆ ಸೋಪೋ, ಸೀಗೆಯೋ?

ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಗಳಿಗೆ ಈಗ ಎರಡು ಬಗೆಯ ಗಿರಾಕಿಗಳು ಬರುತ್ತಾರೆ. ಮೊದಲನೆಯವರು ವಯಸ್ಸಾದವರು. ಕೈಯಲ್ಲಿ ಚೀಟಿ ಇರುವುದಿಲ್ಲ. "ಅರ್ಧ ಕೆ.ಜಿ. ಸೀಗೆಕಾಯಿ, ಕಾಲು ಕೆ.ಜಿ. ಚಿಗರೆಪುಡಿ, ನೂರು ಗ್ರಾಂ ಅಂಟುವಾಳ" ಎಂದು ಒಂದೇ ಉಸಿರಿಗೆ ಹೇಳಿ, ಅಂಗಡಿಯವರು ಪೊಟ್ಟಣ ಕಟ್ಟುವಷ್ಟರಲ್ಲಿ ಗೆಜ್ಜೆವಸ್ತ್ರದ ಬೆಲೆ ಏರಿದ್ದಕ್ಕೆ ತಕರಾರು ತೆಗೆದಿರುತ್ತಾರೆ. ಎರಡನೆಯವರು ಮೊಬೈಲು ನೋಡಿಕೊಂಡು ಬರುವ ಹುಡುಗಿಯರು, ಹುಡುಗರೂ ಉಂಟು. "ಅಂಕಲ್, ಕ್ಯಾಸ್ಟೈಲ್ ಸೋಪ್ ಇದೆಯಾ? ಲಿಕ್ವಿಡ್ ಆಗಬೇಕು. ಮನೇಲೇ ಶಾಂಪೂ ಮಾಡ್ಕೋಬೇಕು" ಎನ್ನುತ್ತಾರೆ. ಅಂಗಡಿಯವರು ಹಿಂದಿನ ಡಬ್ಬಿಗಳ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ, "ಅದಿಲ್ಲಮ್ಮ. ಸೀಗೆಪುಡಿ ಇದೆ, ಕೊಡ್ಲಾ?" ಎನ್ನುತ್ತಾರೆ. ಹುಡುಗಿಗೆ ನಿರಾಸೆ. ಅಂಗಡಿಯವರಿಗೆ ಆಶ್ಚರ್ಯ.

ನಾನು ಈ ಎರಡು ಬಗೆಯವರ ನಡುವಿನವಳು. ಬಸವನಗುಡಿಯಲ್ಲಿ ಬೆಳೆದು, ಕಾಲೇಜಿನಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವಳು. ಹಾಗಾಗಿ ಹುಡುಗಿ ಕೇಳಿದ್ದರಲ್ಲಿ ಅರ್ಥವಿದೆ ಎಂದೂ ಗೊತ್ತು, ಅಂಗಡಿಯವರು ಕೊಡುತ್ತೇನೆಂದದ್ದೇ ಆಕೆಗೆ ಬೇಕಾದ ಪದಾರ್ಥ ಎಂದೂ ಗೊತ್ತು. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕ್ಯಾಸ್ಟೈಲ್ ಸೋಪು ಸ್ಪೇನಿನ ಕ್ಯಾಸ್ಟೀಲ್ ಸೀಮೆಯ ಹೆಸರು ಹೊತ್ತ ಸೋಪು. ಯೂರೋಪಿನ ಬಡಗಣ ದೇಶಗಳಲ್ಲಿ ದನ ಕುರಿಗಳ ಕೊಬ್ಬು ಕರಗಿಸಿ ಸೋಪು ಮಾಡುತ್ತಿದ್ದಾಗ ಮೆಡಿಟರೇನಿಯನ್ ತೀರದವರು ತಮ್ಮಲ್ಲಿ ಧಾರಾಳವಾಗಿ ಸಿಗುವ ಆಲಿವ್ ಎಣ್ಣೆಯಿಂದ ಮಾಡಿದರು. ಅದು ಬೆಳ್ಳಗೆ, ಚರ್ಮಕ್ಕೆ ಮೃದುವಾಗಿ ಇತ್ತು. ಕೊಬ್ಬಿನ ವಾಸನೆ ಇರಲಿಲ್ಲ. ಈಗ ಯಾವುದೇ ಸಸ್ಯದ ಎಣ್ಣೆಯಿಂದ ಮಾಡಿದ ಸಾದಾ ಸೋಪಿಗೂ ಆ ಹೆಸರು ನಡೆಯುತ್ತದೆ. ನಮ್ಮ ಕೊಬ್ಬರಿ ಎಣ್ಣೆಯ ಸೋಪೂ ಆ ಲೆಕ್ಕದಲ್ಲಿ ಕ್ಯಾಸ್ಟೈಲೇ. ಅಮೆರಿಕದಿಂದ ರಜಕ್ಕೆ ಬರುವ ಮಕ್ಕಳು ಇದರ ದ್ರವರೂಪದ ಬಾಟಲಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವುದುಂಟು. ಅದಕ್ಕೆ ಅರ್ಧದಷ್ಟು ತೆಂಗಿನಹಾಲು, ಒಂದು ಚಮಚ ಎಣ್ಣೆ, ನಾಲ್ಕು ಹನಿ ಲ್ಯಾವೆಂಡರೋ ರೋಸ್‌ಮೇರಿಯೋ ಬೆರೆಸಿ ಅಲ್ಲಾಡಿಸಿದರೆ ಮನೆಯ ಶಾಂಪೂ ಆಯಿತು. ಜನ ಹೇಳುವ ಪಾಕ ಹೆಚ್ಚುಕಡಿಮೆ ಇಷ್ಟೇ.

ಇದರಲ್ಲಿ ಕೊಳೆ ಹೋಗುತ್ತದೆಯೇ? ಖಂಡಿತ ಹೋಗುತ್ತದೆ. ತಕರಾರು ಬೇರೆ ಕಡೆ ಇದೆ.

ಎಣ್ಣೆಗೆ ಕ್ಷಾರ ಬೆರೆಸಿದರೆ ಸೋಪು ಆಗುತ್ತದೆ. ಗಟ್ಟಿ ಬಿಲ್ಲೆಯ ಸೋಪಿಗೆ ಕಾಸ್ಟಿಕ್ ಸೋಡಾ ಬೇಕು, ದ್ರವದ ಸೋಪಿಗೆ ಕಾಸ್ಟಿಕ್ ಪೊಟ್ಯಾಷ್ ಬೇಕು. ಕ್ಷಾರವಿಲ್ಲದೆ ಮಾಡಿದ ಸೋಪು ಜಗತ್ತಿನಲ್ಲಿ ಇಲ್ಲ. ಸರಿಯಾಗಿ ಮಾಡಿದ ಸೋಪಿನಲ್ಲಿ ಬಿಡಿ ಕ್ಷಾರ ಉಳಿದಿರುವುದಿಲ್ಲ, ನಿಜ. ಆದರೆ ಸೋಪಿನ ಗುಣವೇ ಕ್ಷಾರದ್ದು. ನೀರಿನಲ್ಲಿ ಕರಗಿದಾಗ ಅದರ ಪಿಎಚ್ ಒಂಬತ್ತರಿಂದ ಹತ್ತರವರೆಗೆ ಇರುತ್ತದೆ. ನಮ್ಮ ನೆತ್ತಿಯ ಚರ್ಮದ್ದು ಐದರ ಸುಮಾರು. ಎಂದರೆ ಅದು ತುಸು ಹುಳಿ. ಐದಕ್ಕೂ ಒಂಬತ್ತಕ್ಕೂ ನಾಲ್ಕೇ ಅಂಕಿ ವ್ಯತ್ಯಾಸ ಅನ್ನಬೇಡಿ. ಈ ಅಳತೆಯಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟು. ನಾಲ್ಕು ಅಂಕಿ ಎಂದರೆ ಹತ್ತು ಸಾವಿರ ಪಟ್ಟು.

ಇದನ್ನು ನೋಡಲು ಪ್ರಯೋಗಶಾಲೆ ಬೇಕಿಲ್ಲ, ಅಡುಗೆಮನೆ ಸಾಕು. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಆರತಿಯ ನೀರು ಕೆಂಪಾಗುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಸುಣ್ಣ ಕ್ಷಾರ, ಅರಿಶಿನ ಕ್ಷಾರವನ್ನು ಕಂಡರೆ ಕೆಂಪಾಗುತ್ತದೆ. ಅರಿಶಿನ ಬಿದ್ದ ಬಿಳಿ ಪಂಚೆಗೆ ಸೋಪು ಹಾಕಿದಾಗ ಕಲೆ ಕೆಂಪಾಗುವುದೂ ಅದೇ ಕಾರಣಕ್ಕೆ. ಈಗ ಒಂದು ಬಿಳಿ ಕಾಗದದ ಮೇಲೆ ಅರಿಶಿನದ ನೀರು ಸವರಿ ಒಣಗಿಸಿ. ಒಂದು ತುದಿಗೆ ನಿಮ್ಮ ಕ್ಯಾಸ್ಟೈಲ್ ಸೋಪಿನ ನೀರು ಒಂದು ಹನಿ ಬಿಡಿ. ಇನ್ನೊಂದು ತುದಿಗೆ ಸೀಗೆಕಾಯಿ ಕುದಿಸಿದ ನೀರು ಒಂದು ಹನಿ. ಮೊದಲನೆಯದು ಕೆಂಪಗೆ ಹರಡುತ್ತದೆ. ಎರಡನೆಯ ಕಡೆ ಸೀಗೆಯ ಕಂದು ಬಣ್ಣ ಅಂಟೀತು, ಆದರೆ ಅರಿಶಿನ ಅರಿಶಿನವಾಗಿಯೇ ಇರುತ್ತದೆ. ಏಕೆಂದರೆ ಸೀಗೆಯ ನೀರು ಹುಳಿ. ನೆತ್ತಿಯ ಹುಳಿಗೆ ತೀರಾ ಹತ್ತಿರದ ಹುಳಿ.

ಕೂದಲಿಗೆ ಇದರಿಂದ ಏನಾಗುತ್ತದೆ? ಪ್ರತಿ ಕೂದಲಿನ ಹೊರಗೆ ಸಣ್ಣ ಸಣ್ಣ ಪೊರೆಗಳು, ಹಳೆಯ ಬಸವನಗುಡಿ ಮನೆಗಳ ಮಂಗಳೂರು ಹೆಂಚಿನ ಹಾಗೆ, ಒಂದರ ಮೇಲೊಂದು ಹೊದಿಸಿಕೊಂಡು ಇರುತ್ತವೆ. ಕ್ಷಾರ ತಗುಲಿದಾಗ ಕೂದಲು ನೀರು ಕುಡಿದು ಉಬ್ಬಿ ಪೊರೆಗಳ ಅಂಚು ಮೇಲೇಳುತ್ತದೆ. ಆಗ ಒಂದು ಕೂದಲು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ, ಬಾಚಣಿಗೆ ಓಡುವುದಿಲ್ಲ, ಹೊಳಪು ಹೋಗುತ್ತದೆ. ಹುಳಿ ತಗುಲಿದಾಗ ಪೊರೆಗಳು ಮತ್ತೆ ಕೂತುಕೊಳ್ಳುತ್ತವೆ. ಸ್ನಾನದ ಸೋಪಿನಲ್ಲೇ ತಲೆ ಉಜ್ಜಿಕೊಂಡು ಆಫೀಸಿಗೆ ಓಡುವ ಗಂಡಸರ ತಲೆ ಮಧ್ಯಾಹ್ನದ ಹೊತ್ತಿಗೆ ತೆಂಗಿನ ನಾರಾಗಿರುವುದನ್ನು ನೀವು ನೋಡಿರುತ್ತೀರಿ.

ರೇಷ್ಮೆಯ ವಿಚಾರದಲ್ಲಿ ಈ ವಿವೇಕ ನಮ್ಮ ಹೆಂಗಸರಿಗೆ ಎಂದಿನಿಂದಲೂ ಇದೆ. ಚಿಕ್ಕಪೇಟೆಯಲ್ಲಿ ತಂದ ಮದುವೆಯ ಸೀರೆಗೆ ಬಟ್ಟೆ ಸೋಪು ಹಚ್ಚಿದವರನ್ನು ನಾನು ಕಾಣೆ. ಅಂಟುವಾಳದ ಕಾಯಿ ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ ಕಿವುಚಿ, ಬರುವ ನೊರೆಯಲ್ಲಿ ಸೀರೆಯನ್ನು ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸುತ್ತಿದ್ದರು. ಚಿನ್ನದ ಒಡವೆ ತೊಳೆಯಲೂ ಅದೇ ಅಂಟುವಾಳ. ರೇಷ್ಮೆ ಪ್ರೋಟೀನಿನ ನೂಲು. ಕ್ಷಾರ ಅದನ್ನು ತಿನ್ನುತ್ತದೆ. ಕೂದಲೂ ಪ್ರೋಟೀನಿನ ನೂಲೇ. ಬೀರುವಿನಲ್ಲಿರುವ ಸೀರೆಗೆ ತೋರಿಸುವ ಮರ್ಯಾದೆಯನ್ನು ತಲೆಯ ಮೇಲಿರುವ ಕೂದಲಿಗೆ ತೋರಿಸಬಾರದೇ ಎಂಬುದು ನನ್ನ ಪ್ರಶ್ನೆ.

ಇನ್ನು ನೀರಿನ ವಿಚಾರ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಮತ್ತು ಯಾರೂ ಯೋಚಿಸದೆ ಇರುವುದೂ ಇದು. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬಂತು, 1974ರಲ್ಲಿ ಕಾವೇರಿ ಬಂತು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳು ಹೀಗೆ ಕೆರೆ, ಹೊಳೆಯ ನೀರಿನಲ್ಲಿ ಬೆಳೆದವು. ಈಗ ಅದೇ ಬಡಾವಣೆಗಳಲ್ಲಿ ಹಳೆಯ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದ ಮೇಲೆ ಎರಡು ನಲ್ಲಿಗಳಾಗಿವೆ. ಅಡುಗೆಮನೆಯ ನಲ್ಲಿಯಲ್ಲಿ ಕಾವೇರಿ, ಬಚ್ಚಲಿನ ನಲ್ಲಿಯಲ್ಲಿ ಬೋರ್ ನೀರು. ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಅದೂ ಯಾವುದೋ ಬೋರಿನದೇ. ನೆಲದ ಆಳದಿಂದ ಬರುವ ಈ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಅದಕ್ಕೇ ಅದು ಗಡಸು ನೀರು.

ಗಡಸು ನೀರಿಗೆ ಸೋಪು ಬಿದ್ದರೆ ಮೊದಲು ನೊರೆ ಬರುವುದಿಲ್ಲ. ಸೋಪು ಕ್ಯಾಲ್ಸಿಯಮ್ಮಿನ ಜೊತೆ ಸೇರಿ ನೀರಿನಲ್ಲಿ ಕರಗದ ಒಂದು ಬಿಳಿಯ ಜಿಡ್ಡಾಗುತ್ತದೆ. ಬಕೆಟ್ಟಿನ ಅಂಚಿಗೆ ವರ್ತುಲವಾಗಿ ಅಂಟುವ, ಉಗುರಿನಲ್ಲಿ ಕೆರೆದರೆ ಮೇಣದಂತೆ ಬರುವ ಪದಾರ್ಥ ಅದೇ. ಬಕೆಟ್ಟಿಗೆ ಅಂಟಿದ್ದು ಕೂದಲಿಗೆ ಅಂಟದೇ ಇರುತ್ತದೆಯೇ? "ಕ್ಯಾಸ್ಟೈಲ್ ಹಾಕಿಕೊಂಡ ಮೇಲೆ ತಲೆ ಅಂಟಂಟು, ಬಾಚಣಿಗೆ ತುಂಬ ಬಿಳಿ ಬಿಳಿ" ಎಂದು ದೂರುವವರ ಮನೆಯಲ್ಲಿ ಸೋಪಿನ ತಪ್ಪು ಅರ್ಧ, ಬೋರ್ ನೀರಿನ ತಪ್ಪು ಅರ್ಧ.

ನಿಮ್ಮ ನೀರು ಎಂಥದ್ದು ಎಂದು ತಿಳಿಯಬೇಕಾದರೆ ಎರಡು ಸಣ್ಣ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಕಾವೇರಿ ನೀರು, ಇನ್ನೊಂದರಲ್ಲಿ ಬಚ್ಚಲಿನ ನೀರು, ಅರ್ಧರ್ಧ. ಎರಡಕ್ಕೂ ಸೋಪಿನ ನೀರು ನಾಲ್ಕೈದು ಹನಿ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಮೆದು ನೀರಿನಲ್ಲಿ ಮೇಲೆ ನೊರೆ ನಿಂತು ಕೆಳಗೆ ತಿಳಿಯಾಗಿರುತ್ತದೆ. ಗಡಸು ನೀರು ಹಾಲಿನಂತೆ ಮಬ್ಬಾಗಿ, ನೊರೆ ಬೇಗ ಒಡೆದು, ಚೂರು ಚೂರು ತೇಲುತ್ತದೆ. ಆಮೇಲೆ ಇದೇ ಪರೀಕ್ಷೆಯನ್ನು ಸೀಗೆಯ ಅಥವಾ ಅಂಟುವಾಳದ ನೀರಿನಲ್ಲಿ ಮಾಡಿ. ಎರಡರಲ್ಲೂ ನೊರೆ ಬರುತ್ತದೆ. ಈ ಕಾಯಿಗಳಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಪದಾರ್ಥ ಸೋಪಲ್ಲ; ಕ್ಯಾಲ್ಸಿಯಮ್ಮಿನ ಜೊತೆ ಸೇರಿ ಜಿಡ್ಡಾಗುವ ಕೆಟ್ಟ ಬುದ್ಧಿ ಅದಕ್ಕಿಲ್ಲ. ಬಾವಿ ನೀರಿನ ಊರುಗಳಲ್ಲೂ ಸೀಗೆ ಕೈಕೊಡದೆ ನಡೆದುಬಂದದ್ದಕ್ಕೆ ಇದೊಂದು ಕಾರಣ.

ಹಳೆಯ ಬಚ್ಚಲುಮನೆಗೆ ಇನ್ನೊಂದು ಅನುಕೂಲವಿತ್ತು. ತಾಮ್ರದ ಹಂಡೆಯಲ್ಲಿ ಸೌದೆ ಉರಿಗೆ ನೀರು ಮರಳುವಷ್ಟು ಕಾಯುತ್ತಿತ್ತು, ಅದಕ್ಕೆ ತಣ್ಣೀರು ಬೆರಕೆ ಮಾಡಿಕೊಳ್ಳುತ್ತಿದ್ದರು. ನೀರು ಮರಳಿದಾಗ ಗಡಸಿನ ಒಂದು ಪಾಲು ಸುಣ್ಣವಾಗಿ ಹಂಡೆಯ ತಳಕ್ಕೆ ಕೂತುಬಿಡುತ್ತದೆ. ಗೀಸರಿನಲ್ಲಿ ನೀರು ಬೆಚ್ಚಗಾಗುತ್ತದೆಯೇ ಹೊರತು ಮರಳುವುದಿಲ್ಲ. ಹಾಗೆಂದು ಮೂರನೇ ಮಹಡಿಯಲ್ಲಿ ಹಂಡೆ ಒಲೆ ಹೂಡಿ ಎಂದು ನಾನು ಹೇಳುತ್ತಿಲ್ಲ. ನೀರು ತುಂಬುವ ಹಬ್ಬದ ದಿನ ಆ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದ ತೋಳುಗಳು ಯಾರವು, ಎಷ್ಟು ನೋಯುತ್ತಿದ್ದವು ಎಂಬುದು ನನಗೆ ಗೊತ್ತು.

ಬೆಂಗಳೂರಿಗೆ ಸೋಪು ಹೊಸದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮೊದಲ ಮಹಾಯುದ್ಧದಿಂದಾಗಿ ಮೈಸೂರಿನ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಗಂಧದೆಣ್ಣೆಯನ್ನು ಇಲ್ಲೇ ತೆಗೆಯಲು ಹೊರಟಿತು. ದಿವಾನರು ವಿಶ್ವೇಶ್ವರಯ್ಯನವರು. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯ, ವಿಜ್ಞಾನಿಗಳು ಎಣ್ಣೆ ತೆಗೆಯುವ ಕ್ರಮ ತೋರಿಸಿಕೊಟ್ಟರು. ರಸಾಯನತಜ್ಞ ಎಸ್. ಜಿ. ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದರು. 1918ರಲ್ಲಿ ಈಗಿನ ಕೆ.ಆರ್. ಸರ್ಕಲ್ ಹತ್ತಿರ ವರ್ಷಕ್ಕೆ ನೂರು ಟನ್ ತಯಾರಿಸುವ ಸಣ್ಣ ಕಾರ್ಖಾನೆ ಶುರುವಾಗಿ ಮೈಸೂರು ಸ್ಯಾಂಡಲ್ ಸೋಪು ಪೇಟೆಗೆ ಬಂತು. 1957ರಲ್ಲಿ ಕಾರ್ಖಾನೆ ರಾಜಾಜಿನಗರದ ಕಡೆಗೆ ಹೋಯಿತು. 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸಂಸ್ಥೆಯಾಯಿತು. ಡಬ್ಬಿಯ ಮೇಲೆ ಆನೆಯ ತಲೆ, ಸಿಂಹದ ಮೈಯ ಶರಭ. ಈ ಸೋಪಿನಲ್ಲಿ ಮೈ ತೊಳೆದ ಮನೆಗಳಲ್ಲೇ ತಲೆಗೆ ಸೀಗೆಪುಡಿ ನಿಂತಿತು. ಮೈಗೆ ಸೋಪು, ತಲೆಗೆ ಸೀಗೆ. ಯಾರೂ ಇದಕ್ಕೆ ಶಾಸ್ತ್ರ ಬರೆದಿರಲಿಲ್ಲ, ಆದರೆ ಲೆಕ್ಕ ಸರಿಯಾಗಿತ್ತು.

ಸೀಗೆ ಮುಳ್ಳಿನ ಬಳ್ಳಿ, ಮಲೆನಾಡಿನ ಕಾಡಿನದು. ಅದರ ಒಣಗಿದ ಕಾಯಿ ಕಂದುಬಣ್ಣದ್ದು, ಸುಕ್ಕು ಸುಕ್ಕು. ಕೊಳ್ಳುವಾಗ ಒಂದನ್ನು ಮುರಿದು ನೋಡಿ. ಟಕ್ಕನೆ ಮುರಿದು, ಮೂಗಿಗೆ ಹಿಡಿದರೆ ಹುಳಿ ಘಾಟು ಬರಬೇಕು. ಬಗ್ಗಿದರೆ ಹಸಿ ಇದೆ ಎಂದರ್ಥ. ಮನೆಗೆ ತಂದರೆ ಬೂಷ್ಟು ಹಿಡಿಯುತ್ತದೆ. ತೂತು ತೂತಾಗಿ ಪುಡಿ ಉದುರುತ್ತಿದ್ದರೆ ಹುಳ ಹಿಡಿದಿದೆ. ನೊರೆ ಇರುವುದು ಸಿಪ್ಪೆಯಲ್ಲಿ, ಬೀಜದಲ್ಲಲ್ಲ. ಬೀಜ ತೆಗೆದರೆ ಪುಡಿ ನುಣ್ಣಗಾಗುತ್ತದೆ, ನೆತ್ತಿಗೆ ತರಿತರಿಯಾಗಿ ಚುಚ್ಚುವುದಿಲ್ಲ.

ಚಿಗರೆಪುಡಿ ಬಯಲುಸೀಮೆಯದು. ಒಣ ಕಾಡಿನಲ್ಲಿ ಬೆಳೆಯುವ, ಸಸ್ಯಶಾಸ್ತ್ರಜ್ಞರು ಅಲ್ಬಿಜಿಯ ಅಮಾರ ಎನ್ನುವ ಮರದ ಎಲೆಯನ್ನು ಒಣಗಿಸಿ ಮಾಡಿದ ಹಸಿರು ಪುಡಿ. ನಮ್ಮ ತಮಿಳು ನೆರೆಹೊರೆಯವರು ಅರಪ್ಪು ಎನ್ನುವುದು ಇದನ್ನೇ. ಸೀಗೆ ಕೊಳೆ ತೆಗೆಯುವುದರಲ್ಲಿ ಜೋರು. ಚಿಗರೆ ಸೌಮ್ಯ, ಸ್ವಲ್ಪ ಲೋಳೆ, ತಂಪು. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕೂದಲು ಒಣಗಿದಂತೆ ಇರುವವರು ಚಿಗರೆ ಹೆಚ್ಚು ಮಾಡಿಕೊಳ್ಳಲಿ. ಎಣ್ಣೆ ಧಾರಾಳವಾಗಿ ಹಚ್ಚುವವರು ಸೀಗೆ ಹೆಚ್ಚು ಮಾಡಿಕೊಳ್ಳಲಿ.

ನಮ್ಮ ಮನೆಯ ಅಳತೆ ಹೀಗೆ: ಒಂದು ಕಿಲೋ ಸೀಗೆಕಾಯಿ, ಕಾಲು ಕಿಲೋ ಹೆಸರುಕಾಳು, ನೂರು ಗ್ರಾಂ ಮೆಂತ್ಯ, ಬೀಜ ತೆಗೆದ ಅಂಟುವಾಳ ನೂರು ಗ್ರಾಂ, ಎರಡು ಹಿಡಿ ಒಣಗಿಸಿದ ದಾಸವಾಳದ ಎಲೆ ಮತ್ತು ಹೂವು, ಒಂದು ಹಿಡಿ ಕಿತ್ತಳೆ ಸಿಪ್ಪೆ, ಒಂದು ಹಿಡಿ ಕರಿಬೇವು. ಎಲ್ಲವನ್ನೂ ಖಡಕ್ಕಾಗಿ ಒಣಗಿಸಿ ಗಿರಣಿಗೆ ಕೊಡುವುದು. ಚಿಗರೆಯನ್ನು ನಾವು ಮಿಲ್ಲಿಗೆ ಹಾಕುವುದಿಲ್ಲ. ಪುಡಿಯಾಗಿಯೇ ಸಿಗುವುದರಿಂದ ತಲೆಗೆ ಹಾಕುವಾಗ ಬೆರೆಸಿಕೊಂಡರೆ ಸಾಕು.

ಗಿರಣಿಯ ವಿಷಯ ಹೇಳದಿದ್ದರೆ ಈ ಭಾಷಣ ಅರ್ಧವಾಗುತ್ತದೆ. ರಾಗಿ ಬೀಸುವ ಕಲ್ಲಿಗೆ ಸೀಗೆ ಹಾಕುವುದಿಲ್ಲ. ಅದಕ್ಕೆ ಮೂಲೆಯಲ್ಲಿ ಬೇರೆ ಮಿಷನ್ನು. ಸೀಗೆ ಬೀಸುವ ದಿನ ಗಿರಣಿಯವನು ಮೂಗಿಗೆ ಟವೆಲ್ಲು ಕಟ್ಟಿಕೊಂಡೇ ಸ್ವಿಚ್ಚು ಹಾಕುವುದು. ಕಾಯಿ ಒಳಗೆ ಬಿದ್ದ ಅರೆಗಳಿಗೆಗೆ ಕಂದು ಧೂಳು ಬಾಗಿಲಿನಿಂದ ಹೊರಗೆ ಬರುತ್ತದೆ. ಸರತಿಯಲ್ಲಿ ಅಕ್ಕಿ ಡಬ್ಬ ಹಿಡಿದು ನಿಂತವರು ಮೊದಲು ಸೀನುತ್ತಾರೆ, ಆಮೇಲೆ ಎದುರಿನ ಇಸ್ತ್ರಿ ಅಂಗಡಿಯವನು ಸೀನುತ್ತಾನೆ, ಆಮೇಲೆ ದಾರಿಯಲ್ಲಿ ಹೋಗುತ್ತಿದ್ದವರು. "ಇನ್ನೊಂದ್ ಸಲ ಹಾಕಪ್ಪ, ತರಿ ಇದೆ" ಎಂದು ಯಾರಾದರೂ ಹೇಳಿದರೆ ಎಲ್ಲರೂ ಅವರ ಮುಖ ನೋಡುತ್ತಾರೆ. ಮನೆಯ ಮಿಕ್ಸಿಯಲ್ಲಿ ಮಾಡುತ್ತೇನೆ ಎನ್ನುವವರಿಗೆ ಒಂದು ಮಾತು: ಮುಚ್ಚಳ ತೆಗೆಯುವ ಮುಂಚೆ ಐದು ನಿಮಿಷ ಬಿಡಿ, ಪುಡಿ ಕೂರಲಿ. ಆಸ್ತಮಾ ಇರುವವರು ಆ ಕೋಣೆಯಲ್ಲೇ ಇರಬಾರದು.

ಪುಡಿ ಬೇಡ, ಕೂದಲಲ್ಲಿ ಸಿಕ್ಕಿಕೊಳ್ಳುತ್ತದೆ, ಬಚ್ಚಲಿನ ಕೊಳವೆ ಕಟ್ಟುತ್ತದೆ ಎಂಬ ದೂರು ನ್ಯಾಯವಾದದ್ದು. ಅಂಥವರು ಕಷಾಯ ಮಾಡಿಕೊಳ್ಳಲಿ. ಬಾಟಲಿ ಶಾಂಪೂ ಬೇಕೆನ್ನುವವರಿಗೆ ನಾನು ಹೇಳುವುದೂ ಇದನ್ನೇ. ರಾತ್ರಿ ಅರ್ಧ ಲೀಟರು ನೀರಿಗೆ ಆರೇಳು ಸೀಗೆಕಾಯಿ, ಬೀಜ ತೆಗೆದ ಅಂಟುವಾಳ ಐದಾರು, ಒಂದು ಚಮಚ ಮೆಂತ್ಯ ಹಾಕಿ ನೆನೆಸಿಡಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಿ. ಪಾತ್ರೆ ದೊಡ್ಡದಿರಲಿ, ಇಲ್ಲದಿದ್ದರೆ ಉಕ್ಕಿ ಒಲೆಯೆಲ್ಲ ನೊರೆಯಾಗುತ್ತದೆ. ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿ. ಕಂದು ಬಣ್ಣದ, ಸ್ವಲ್ಪ ಲೋಳೆಯಾದ ನೀರು ಬರುತ್ತದೆ. ಅಂಗಡಿಯ ಶಾಂಪೂವಿನಷ್ಟು ಗಟ್ಟಿ ಇರುವುದಿಲ್ಲ; ಇರಬೇಕಾಗಿಯೂ ಇಲ್ಲ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ, ಆಮೇಲೆ ಹುದುಗಿ ವಾಸನೆ ಬರುತ್ತದೆ. ವಾಸನೆ ಬಂದದ್ದನ್ನು ತಲೆಗೆ ಹಾಕಬೇಡಿ, ಗಿಡಕ್ಕೂ ಬೇಡ, ಚೆಲ್ಲಿಬಿಡಿ.

ಸೀಗೆಯನ್ನು ಹೊಗಳುತ್ತಾ ಅದರ ಕಾಟವನ್ನು ಮುಚ್ಚಿಡಬಾರದು. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ನರಕ ಚತುರ್ದಶಿಯ ಬೆಳಗಿನ ಜಾವ ಬಚ್ಚಲುಮನೆಯಿಂದ ಕೇಳುವ ಮಕ್ಕಳ ಅಳುವಿಗೆ ಪಟಾಕಿ ಕಾರಣವಲ್ಲ, ಸೀಗೆಪುಡಿ ಕಾರಣ. ಮಕ್ಕಳಿಗೆ ತಲೆ ಹಿಂದಕ್ಕೆ ಬಾಗಿಸಿ ನೀರು ಹಾಕಿ, ಕಣ್ಣಿಗೆ ಹೋದರೆ ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಎಳೆಯ ಮಕ್ಕಳಿಗೆ ಕಡಲೆಹಿಟ್ಟೋ ಹೆಸರುಹಿಟ್ಟೋ ಸಾಕು. ಸೀಗೆ ಕೂದಲಿನ ಎಣ್ಣೆಯನ್ನೂ ಸೆಳೆದುಕೊಳ್ಳುತ್ತದೆ. ಅದಕ್ಕೇ ಮಂಗಳವಾರ ಶುಕ್ರವಾರ ಹೆಂಗಸರಿಗೆ, ಶನಿವಾರ ಗಂಡಸರಿಗೆ ಎಂದು ಮೊದಲು ಎಣ್ಣೆ, ಆಮೇಲೆ ಸೀಗೆ ಎಂಬ ಕ್ರಮ ಇತ್ತು. ಎಣ್ಣೆ ಹಚ್ಚದೆ ಬರೀ ಸೀಗೆ ಹಾಕಿಕೊಂಡು ಕೂದಲು ಒರಟಾಯಿತು ಎಂದು ದೂರುವುದು ಸರಿಯಲ್ಲ. ಪುಡಿಯನ್ನು ಬರೀ ನೀರಿಗಿಂತ ಅನ್ನ ಬಸಿದ ಬೆಚ್ಚನೆಯ ಗಂಜಿಯಲ್ಲಿ ಕಲಸಿದರೆ ಒರಟು ಕಡಿಮೆಯಾಗುತ್ತದೆ. ಕುಕ್ಕರಿನ ಕಾಲದಲ್ಲಿ ಗಂಜಿ ಎಲ್ಲಿಂದ ತರೋಣ ಎನ್ನುತ್ತೀರಿ. ವಾರಕ್ಕೊಂದು ದಿನ ಅನ್ನ ಬಸಿದು ಮಾಡಿ, ರುಚಿಯೂ ಬೇರೆ ಇರುತ್ತದೆ.

ಇಷ್ಟೆಲ್ಲ ಇದ್ದರೂ ಸೀಗೆ ಹಿಂದೆ ಸರಿದದ್ದು ಹೇಗೆ? ಅದರ ದೋಷದಿಂದಲ್ಲ, ಸಮಯವಿಲ್ಲದ್ದರಿಂದ. ಅಮೆರಿಕದಲ್ಲಿ 1934ರಲ್ಲೇ ಸೋಪಲ್ಲದ, ಗಡಸು ನೀರಿನಲ್ಲೂ ನೊರೆ ಕೊಡುವ ಶಾಂಪೂ ಅಂಗಡಿಗೆ ಬಂದಿತ್ತು. ನಮ್ಮಲ್ಲಿ ಅದು ಬಹಳ ಕಾಲ ಉಳ್ಳವರ ಬಾಟಲಿಯಾಗಿಯೇ ಉಳಿಯಿತು. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಅವರು ಶಾಂಪೂವನ್ನು ಪುಟ್ಟ ಪ್ಯಾಕೆಟ್ಟಿಗೆ ತುಂಬುವ ಉಪಾಯ ಹೂಡಿದರು. ಅವರ ಮಗ ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಆರಂಭಿಸಿದರು. ಬೀದಿ ಮೂಲೆಯ ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ ಬೆಂಕಿಪೊಟ್ಟಣದ ಪಕ್ಕ ಶಾಂಪೂ ಮಾಲೆ ತೂಗಿದ ಮೇಲೆ ಗಿರಣಿಯ ಸರತಿ ಕರಗಿತು. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯಬೇಕಾದ ಹೆಣ್ಣುಮಗಳು ಪ್ಯಾಕೆಟ್ಟು ಹರಿದು ತಲೆಗೆ ಹಾಕಿಕೊಂಡರೆ ಅದನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ. ಆ ಶಾಂಪೂ ಸೋಪಲ್ಲವಾದ್ದರಿಂದ ಗಡಸು ನೀರಿನಲ್ಲಿ ಕೂದಲಿಗೆ ಕ್ಯಾಸ್ಟೈಲ್ ಸೋಪಿಗಿಂತ ಕಡಿಮೆ ತೊಂದರೆ ಕೊಡುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು, ಅಂಗಡಿಯದೆಲ್ಲ ವಿಷ ಎಂಬ ಮಾತಿಗೆ ರಸಾಯನಶಾಸ್ತ್ರದ ಒಪ್ಪಿಗೆ ಇಲ್ಲ. "ಕೆಮಿಕಲ್ಲೇ ಬೇಡ" ಎಂದು ಹೊರಟು ಕಾಸ್ಟಿಕ್ ಸೋಡಾ ಎಲ್ಲಿ ಸಿಗುತ್ತದೆ ಎಂದು ಕೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಇಷ್ಟು ಕೇಳಿಯೂ, ಇಲ್ಲ, ಸೋಪಿನದೇ ಮಾಡಿ ನೋಡುತ್ತೇವೆ ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಅಡ್ಡಿ ಮಾಡುವುದಿಲ್ಲ, ದಾರಿ ಹೇಳುತ್ತೇನೆ. ನಾನೂರು ಗ್ರಾಂ ಕೊಬ್ಬರಿ ಎಣ್ಣೆ, ನೂರು ಗ್ರಾಂ ಹರಳೆಣ್ಣೆ. ಇದಕ್ಕೆ ಶುದ್ಧ ಕಾಸ್ಟಿಕ್ ಸೋಡಾ ಎಂಬತ್ತು ಗ್ರಾಂ, ನೀರು ನೂರ ಎಂಬತ್ತು ಗ್ರಾಂ. ಈ ಅಳತೆಯಲ್ಲಿ ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯುತ್ತದೆ, ಅದು ಬೇಕೆಂದೇ. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಬೇಕು. ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯದು. ಸೋಡಾವನ್ನು ನೀರಿಗೆ ನಿಧಾನವಾಗಿ ಹಾಕಬೇಕು, ನೀರನ್ನು ಸೋಡಾದ ಮೇಲೆ ಹೊಯ್ಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೂಡದು, ಅದನ್ನು ಸೋಡಾ ತಿನ್ನುತ್ತದೆ, ಸ್ಟೀಲಿನದು ಇರಲಿ. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಕಿಟಕಿ ತೆರೆದಿರಲಿ, ಮಕ್ಕಳು ಮನೆಯಲ್ಲಿಲ್ಲದ ಹೊತ್ತು ನೋಡಿಕೊಳ್ಳಿ. ಎಣ್ಣೆಗೆ ಸೋಡಾದ ನೀರು ಬೆರೆಸಿ ಇಡ್ಲಿ ಹಿಟ್ಟಿನ ಹದ ಬರುವವರೆಗೆ ತಿರುವಿ ಅಚ್ಚಿಗೆ ಹೊಯ್ಯಿರಿ. ಮಾರನೆಯ ದಿನ ಗ್ಲೌಸು ಹಾಕಿಕೊಂಡೇ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಆರಲು ಬಿಡಿ. ಇದನ್ನು ತುರಿದು ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬುತ್ತೇನೆ ಎಂದರೆ ಆರಿದ ಮೇಲೆ ಲೋಳೆಗಟ್ಟುತ್ತದೆ. ಬಿಲ್ಲೆಯಾಗಿಯೇ ಅಂಗೈಯಲ್ಲಿ ನೊರೆ ಮಾಡಿ ತಲೆಗೆ ಹಚ್ಚಿಕೊಳ್ಳುವುದು ಮೇಲು.

ಇನ್ನೊಂದು ಎಚ್ಚರಿಕೆ. ಸೋಪು ಕ್ಷಾರವಾದರೆ ಅದಕ್ಕೇ ನಿಂಬೆಹುಳಿ ಹಿಂಡಿ ಸರಿ ಮಾಡಿಬಿಡೋಣ ಎಂದು ಜಾಣರಿಗೆ ಹೊಳೆಯುತ್ತದೆ. ಮಲ್ಲೇಶ್ವರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಗೆ ಮಾಡಿ, "ಮೇಡಂ, ಶಾಂಪೂ ಒಡೆದುಹೋಯ್ತು" ಎಂದು ಫೋನು ಮಾಡಿದ್ದಳು. ಒಡೆಯಲೇಬೇಕು. ಹುಳಿ ಸೇರಿದ ಕೂಡಲೇ ಸೋಪು ಮತ್ತೆ ಕೊಬ್ಬಿನ ಆಮ್ಲವಾಗಿ, ಬಿಳಿ ಗರಣೆಯಾಗಿ ಮೇಲೆ ತೇಲುತ್ತದೆ. "ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಅಂಕ ತಗೊಂಡಿದ್ದೆಯಲ್ಲೇ" ಎಂದೆ. ಹುಳಿ ಬೇಕಾದದ್ದು ಬಾಟಲಿಯಲ್ಲಲ್ಲ, ತೊಳೆದ ಮೇಲೆ. ಸೋಪು ಪೂರ್ತಿ ಹೋದ ಮೇಲೆ ಒಂದು ಲೀಟರು ಕಾವೇರಿ ನೀರಿಗೆ ಒಂದು ನಿಂಬೆಹಣ್ಣಿನ ರಸ ಸೋಸಿ ಹಾಕಿ, ಅದನ್ನು ಕೂದಲಿಗೆ ಹೊಯ್ದುಕೊಂಡು, ಕೊನೆಗೆ ಎರಡು ಚೊಂಬು ಸಾದಾ ನೀರು. ಗಡಸು ನೀರಿನ ಜಿಡ್ಡೂ ಇದರಿಂದ ಬಹುಮಟ್ಟಿಗೆ ಬಿಡುತ್ತದೆ. ತೆಂಗಿನಹಾಲು ಬೆರೆಸುವವರು ಅಂದಂದಿಗೆ ಬೇಕಾದಷ್ಟೇ ಬೆರೆಸಲಿ; ಬಾಟಲಿಯಲ್ಲಿ ಇಟ್ಟರೆ ಮಾರನೆಯ ದಿನಕ್ಕೇ ಹಳಸುತ್ತದೆ.

ನನ್ನ ತೀರ್ಪು ಕೇಳಿದರೆ, ಬೋರ್ ನೀರಿನ ಮನೆಯಲ್ಲಿ ತಲೆಗೆ ಸೋಪು ಬೇಡವೇ ಬೇಡ, ಕ್ಯಾಸ್ಟೈಲಾಗಲಿ ಮತ್ತೊಂದಾಗಲಿ. ಕಾವೇರಿ ನೀರಿದ್ದವರು, ನಿಂಬೆಯ ನೀರು ಹಾಕಿಕೊಳ್ಳುವ ತಾಳ್ಮೆ ಇದ್ದವರು ಪ್ರಯೋಗ ಮಾಡಬಹುದು. ನೆತ್ತಿಯಲ್ಲಿ ಗಾಯ, ತುರಿಕೆ, ಗುಂಪು ಗುಂಪಾಗಿ ಕೂದಲು ಉದುರುವುದು ಇದ್ದವರು ಸೀಗೆಯನ್ನೂ ಸೋಪನ್ನೂ ಬದಿಗಿಟ್ಟು ಚರ್ಮದ ವೈದ್ಯರನ್ನು ಕಾಣಲಿ. ಉಳಿದವರು ಶಿವರಾತ್ರಿ ಕಳೆದು ಯುಗಾದಿಯೊಳಗೆ, ಬಿಸಿಲು ಖಡಕ್ಕಾಗಿರುವಾಗ ಸೀಗೆಕಾಯಿ ಒಣಗಿಸಿಕೊಳ್ಳಿ. ಗಿರಣಿಗೆ ಕೊಡುವ ಮುಂಚೆ ಬೀಜ ತೆಗೆಯುವುದನ್ನು ಮರೆಯಬೇಡಿ, ಬೀಸಿದ ಪುಡಿಯನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ. ಬಿಗಿ ಮುಚ್ಚಳದ ಡಬ್ಬದಲ್ಲಿ ಒಂದು ವರ್ಷ ಇರುತ್ತದೆ.